ಟ್ಯೂರಿನ್‌ನ ನಾರುಮಡಿಗೆ ಸನದು ಎಲ್ಲಿದೆ?

ಉತ್ತರ ಇಟಲಿಯ ಟ್ಯೂರಿನ್ ನಗರದಲ್ಲಿ ಪ್ರವಾದಿ ಯಹ್ಯಾ(ಅ)ರವರ ಹೆಸರಿನ ಒಂದು ಕೆಥೆಡ್ರಲ್ ಇದೆ. ಕ್ರೈಸ್ತರು ಅವರನ್ನು ಸ್ನಾನಿಕನಾದ ಯೋಹಾನ ಎಂದು ಕರೆಯುತ್ತಾರೆ. ಆ ಕೆಥೆಡ್ರಲಿನೊಳಗೆ, ಹವೆ ನಿಯಂತ್ರಿತ ಪೆಟ್ಟಿಗೆಯೊಂದರಲ್ಲಿ, ಸುಮಾರು 4.4 ಮೀಟರ್ ಉದ್ದ ಮತ್ತು 1.1 ಮೀಟರ್ ಅಗಲದ ಒಂದು ನಾರುಮಡಿಯನ್ನು ಹಾಸಿಡಲಾಗಿದೆ. ಅದರ ಮೇಲೆ ಮಸುಕು ಹಳದಿಯಲ್ಲಿ ಗಡ್ಡಧಾರಿ ಪುರುಷನೊಬ್ಬನ ಮುಂಭಾಗ ಹಾಗೂ ಹಿಂಭಾಗದ ಆಕೃತಿಗಳಿವೆ; ಮಣಿಕಟ್ಟು, ಪಾದ ಮತ್ತು ಪಕ್ಕೆಯಲ್ಲಿ ರಕ್ತದಂತೆ ಕಾಣುವ ಕಲೆಗಳಿವೆ. ಶಿಲುಬೆಯಿಂದ ಇಳಿಸಿದ ಏಸುವಿನ ಶರೀರಕ್ಕೆ ಹೊದಿಸಿದ ವಸ್ತ್ರವು ಇದೇ ಎಂಬುದು ಲೋಕದಾದ್ಯಂತ ಅಸಂಖ್ಯ ಭಕ್ತರ ನಂಬಿಕೆ. ಯಾವಾಗಲೂ ಮುಚ್ಚಿಟ್ಟಿರುವ ಈ ಬಟ್ಟೆಯನ್ನು 2010ರಲ್ಲಿ ಕೆಲವು ವಾರಗಳ ಕಾಲ ತೆರೆದಾಗ ಅದನ್ನು ನೋಡಲು ಸುಮಾರು 20 ಲಕ್ಷ ಜನರು ಬಂದಿದ್ದರು.

ಅನ್ಯರ ಶ್ರದ್ಧೆಯ ವಸ್ತುವಿನ ಬಗ್ಗೆ ನಾವೇಕೆ ಬರೆಯಬೇಕು ಎಂದು ಓದುಗರು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಈ ಬಟ್ಟೆ ಈಗ ಅನ್ಯರ ವಸ್ತುವಾಗಿ ಉಳಿದಿಲ್ಲ. ಒಂದು ಕಡೆ ಕ್ರೈಸ್ತ ಪ್ರಚಾರಕರು ಇದನ್ನು ಮುಂದಿಟ್ಟು, ಶಿಲುಬೆಯ ಘಟನೆಗೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕೇ ಎಂದು ನಮ್ಮ ಯುವಕರನ್ನು ಪ್ರಶ್ನಿಸುತ್ತಾರೆ. ಇನ್ನೊಂದು ಕಡೆ ನಮ್ಮವರೇ ಕೆಲವರು ಅದೇ ಬಟ್ಟೆಯ ಚಿತ್ರವನ್ನು ಹಂಚುತ್ತಾ, ಇದರಲ್ಲಿರುವ ರಕ್ತ ಸತ್ತವನದ್ದಲ್ಲ, ಆದ್ದರಿಂದ ಪ್ರವಾದಿ ಈಸಾ(ಅ) ಶಿಲುಬೆಯ ಮೇಲೆ ಮರಣ ಹೊಂದಲಿಲ್ಲ, ನೋಡಿ, ವಿಜ್ಞಾನವೇ ಕುರ್‌ಆನನ್ನು ಸಮರ್ಥಿಸಿತು ಎಂದು ಸಂಭ್ರಮಿಸುತ್ತಾರೆ. ಮೊದಲನೆಯವರ ವಾದ ತಪ್ಪು. ಎರಡನೆಯವರದ್ದು ತಪ್ಪು ಮಾತ್ರವಲ್ಲ, ನಾಚಿಕೆಗೇಡು. ಯಾಕೆಂದರೆ ಅವರು ತಮ್ಮ ಸಮುದಾಯದ ಅತ್ಯಮೂಲ್ಯ ವಿದ್ಯೆಯೊಂದನ್ನು ಮರೆತು ಮಾತನಾಡುತ್ತಿದ್ದಾರೆ.

ಆ ವಿದ್ಯೆಯೇ ಸನದು. ಪ್ರವಾದಿವರ್ಯರ(ಸ) ಒಂದು ಮಾತನ್ನು ಉದ್ಧರಿಸುವವನು ಅದನ್ನು ತಾನು ಯಾರಿಂದ ಕೇಳಿದೆ, ಅವನು ಯಾರಿಂದ ಕೇಳಿದ, ಆತನು ಯಾರಿಂದ ಕೇಳಿದ ಎಂಬ ಸರಪಣಿಯನ್ನು ಕೊನೆಯ ಕೊಂಡಿಯವರೆಗೂ ಹೇಳಬೇಕು. ಕೊಂಡಿಯಾಗಿರುವ ಪ್ರತಿಯೊಬ್ಬನೂ ಸತ್ಯವಂತನೇ, ಅವನ ಸ್ಮರಣಶಕ್ತಿ ಹೇಗಿತ್ತು, ಮೇಲಿನವನನ್ನು ಆತ ನಿಜವಾಗಿ ಭೇಟಿಯಾಗಿದ್ದನೇ ಎಂದು ಮುಹದ್ದಿಸರು ತೂಗಿ ನೋಡಿದರು. ನಡುವೆ ಒಂದೇ ಒಂದು ಹೆಸರು ಕಾಣೆಯಾಗಿದ್ದರೂ ಆ ಹದೀಸನ್ನು ‘ಮುನ್‌ಕತಿಅ್’, ಅಂದರೆ ಕೊಂಡಿ ಕಡಿದದ್ದು ಎಂದು ಪಕ್ಕಕ್ಕಿಟ್ಟರು. ಮಾತು ಎಷ್ಟೇ ಸುಂದರವಾಗಿರಲಿ, ಕೇಳುವವನ ಕಣ್ಣಲ್ಲಿ ಎಷ್ಟೇ ನೀರು ತರಿಸಲಿ, ಸರಪಣಿ ಕಡಿದಿದ್ದರೆ ಅದಕ್ಕೆ ಪ್ರಮಾಣದ ಸ್ಥಾನವಿಲ್ಲ. ಈ ತಕ್ಕಡಿಯಲ್ಲಿ ಟ್ಯೂರಿನ್‌ನ ನಾರುಮಡಿಯನ್ನಿಟ್ಟು ನೋಡೋಣ.

ಸರಪಣಿಯ ಈಚಿನ ತುದಿ ಸ್ಪಷ್ಟವಾಗಿದೆ. 1983ರಲ್ಲಿ ಇಟಲಿಯ ಕೊನೆಯ ಅರಸ ಎರಡನೇ ಉಂಬರ್ಟೋ ಮರಣ ಹೊಂದಿದಾಗ ಅವನ ಉಯಿಲಿನ ಪ್ರಕಾರ ಬಟ್ಟೆಯು ಪೋಪರ ಸ್ವತ್ತಾಯಿತು. ಅಲ್ಲಿಯವರೆಗೆ ಅದು ಸವಾಯ್ ರಾಜವಂಶದ್ದು. 1578ರಲ್ಲಿ ಆ ವಂಶದ ದೊರೆ ಇಮ್ಯಾನುಯೆಲ್ ಫಿಲಿಬರ್ಟ್ ಅದನ್ನು ಟ್ಯೂರಿನ್‌ಗೆ ತಂದನು. ಅದಕ್ಕೂ ಮೊದಲು ಅದು ಶಾಂಬೆರಿಯಲ್ಲಿತ್ತು. ಅಲ್ಲಿ 1532ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು, ಬೆಳ್ಳಿಯ ಪೆಟ್ಟಿಗೆ ಕರಗಿ, ಮಡಿಸಿದ ಬಟ್ಟೆಯಲ್ಲಿ ಸಾಲುಸಾಲಾಗಿ ರಂಧ್ರಗಳಾದವು. ಸನ್ಯಾಸಿನಿಯರು ಅದಕ್ಕೆ ತೇಪೆ ಹಾಕಿದರು. ಸವಾಯ್ ದೊರೆಗಳಿಗೆ ಅದು ಸಿಕ್ಕಿದ್ದು 1453ರಲ್ಲಿ, ಮಾರ್ಗರೆಟ್ ದ ಶಾರ್ನಿ ಎಂಬ ಫ್ರೆಂಚ್ ಮಹಿಳೆಯಿಂದ. ಪ್ರತಿಯಾಗಿ ಆಕೆಗೆ ಕೋಟೆ ಮತ್ತು ಭೂಮಿಯ ಆದಾಯ ದೊರೆಯಿತು. ಬಟ್ಟೆಯನ್ನು ಮೂಲ ಇಗರ್ಜಿಗೆ ಹಿಂದಿರುಗಿಸದ ಕಾರಣಕ್ಕೆ 1457ರಲ್ಲಿ ಆಕೆಯನ್ನು ಧರ್ಮಸಭೆಯಿಂದ ಬಹಿಷ್ಕರಿಸಲಾಯಿತು.

ಆ ಮೂಲ ಇಗರ್ಜಿ ಫ್ರಾನ್ಸಿನ ಶಾಂಪೇನ್ ಪ್ರಾಂತದ ಲಿರೇ ಎಂಬ ಸಣ್ಣ ಗ್ರಾಮದ್ದು. ಅದನ್ನು 1353ರಲ್ಲಿ ಸ್ಥಾಪಿಸಿದವನು ಮಾರ್ಗರೆಟಳ ಅಜ್ಜ, ಜಫ್ರುವಾ ದ ಶಾರ್ನಿ ಎಂಬ ಯೋಧ. ಬಟ್ಟೆಯು ಅಲ್ಲಿ 1350ರ ದಶಕದ ಮಧ್ಯದಲ್ಲಿ ಮೊಟ್ಟಮೊದಲು ಪ್ರತ್ಯಕ್ಷವಾಯಿತು. ಜಫ್ರುವಾ 1356ರ ಪ್ವಾತಿಯೆ ಯುದ್ಧದಲ್ಲಿ ಹತನಾದನು. ಇಡೀ ಕ್ರೈಸ್ತ ಜಗತ್ತಿನ ಅತ್ಯಂತ ಬೆಲೆಬಾಳುವ ವಸ್ತುವೊಂದು ಹಳ್ಳಿಯ ಜಹಗೀರುದಾರನ ಕೈಗೆ ಎಲ್ಲಿಂದ ಬಂತು? ಆತ ಬರೆದಿಟ್ಟ ಒಂದು ಸಾಲೂ ಇಲ್ಲ. ಅವನ ಮಗನು ಅದು ಉಡುಗೊರೆಯಾಗಿ ಬಂದದ್ದೆಂದನು. ಮೊಮ್ಮಗಳು ಮಾರ್ಗರೆಟ್ ಅಜ್ಜ ಯುದ್ಧದಲ್ಲಿ ಗೆದ್ದು ತಂದದ್ದೆಂದಳು. ಒಂದೇ ಮನೆಯ ಎರಡು ತಲೆಮಾರುಗಳಲ್ಲಿ ಎರಡು ಕಥೆ! ಇಂತಹ ಪರಸ್ಪರ ವಿರುದ್ಧ ವರದಿಗೆ ಮುಹದ್ದಿಸರ ಪರಿಭಾಷೆಯಲ್ಲಿ ‘ಮುಝ್ತರಿಬ್’ ಎನ್ನುತ್ತಾರೆ. ಅದು ದುರ್ಬಲ ವರದಿಯ ಒಂದು ಪ್ರಭೇದ.

ಸರಪಣಿ ಅಲ್ಲಿಗೆ ಕಡಿಯಿತು. ಅದರಾಚೆ ಸುಮಾರು 1300 ವರ್ಷಗಳ ಮೌನ. ಒಂದು ಹೆಸರಲ್ಲ, ಹತ್ತಾರು ತಲೆಮಾರುಗಳೇ ಕಾಣೆಯಾಗಿವೆ.

ಈ ಮೌನದ ಆರಂಭದಲ್ಲೇ ಒಬ್ಬನು ಮಾತನಾಡಿದ್ದನು. ಅವನು ನಾಸ್ತಿಕನಲ್ಲ, ಮುಸಲ್ಮಾನನೂ ಅಲ್ಲ. ಲಿರೇ ಯಾರ ಧರ್ಮಪ್ರಾಂತಕ್ಕೆ ಸೇರಿತ್ತೋ ಆ ತ್ರುವಾ ನಗರದ ಬಿಷಪ್ ಪಿಯೆರ್ ದಾರ್ಸಿ ಅವನು. 1389ರಲ್ಲಿ ಅವಿಞೋನ್‌ನಲ್ಲಿದ್ದ ಪೋಪ್ ಏಳನೇ ಕ್ಲೆಮೆಂಟನಿಗಾಗಿ ಸಿದ್ಧಪಡಿಸಿದ ನಿವೇದನೆಯಲ್ಲಿ ಆತ ಹೇಳಿದ್ದರ ಸಾರಾಂಶ ಇಷ್ಟು: ಲಿರೇಯ ಪಾದ್ರಿಗಳು ಕಾಣಿಕೆಯ ಆಸೆಯಿಂದ ಜನರನ್ನು ವಂಚಿಸುತ್ತಿದ್ದಾರೆ, ಸುಮಾರು 34 ವರ್ಷಗಳ ಹಿಂದೆ ತನ್ನ ಪೂರ್ವಾಧಿಕಾರಿ ಹೆನ್ರಿ ದ ಪ್ವಾತಿಯೆ ಈ ಬಗ್ಗೆ ವಿಚಾರಣೆ ನಡೆಸಿದ್ದನು, ಬಟ್ಟೆಯ ಮೇಲಿನ ಆಕೃತಿ ಮಾನವ ಕೌಶಲದ್ದೆಂದು ಅದನ್ನು ಬರೆದ ಚಿತ್ರಕಾರನಿಂದಲೇ ತಿಳಿದುಬಂದಿತ್ತು, ಇಂತಹ ವಸ್ತ್ರ ನಿಜವಾಗಿದ್ದರೆ ಸುವಾರ್ತೆಯನ್ನು ಬರೆದವರು ಅದರ ಮೇಲಿನ ಮುದ್ರೆಯ ಬಗ್ಗೆ ಮೌನವಾಗಿರುತ್ತಿರಲಿಲ್ಲ. ಬಟ್ಟೆಯ ಸಮರ್ಥಕರು ಇದು ಕೇವಲ ಕರಡು ಪ್ರತಿ, ಸಹಿಯಿಲ್ಲದ್ದು ಎಂದು ತಳ್ಳಿಹಾಕುತ್ತಾ ಬಂದಿದ್ದಾರೆ. ಆದರೆ ದಾರ್ಸಿ ಒಬ್ಬಂಟಿಯಲ್ಲ. ಅದೇ ಕಾಲದ ಮಹಾ ವಿದ್ವಾಂಸ, ಮುಂದೆ ಬಿಷಪ್ ಆದ ನಿಕೋಲ್ ಒರೆಮ್ ಕೂಡ ಕಾಣಿಕೆಗಾಗಿ ಪಾದ್ರಿಗಳು ನಡೆಸುವ ವಂಚನೆಗೆ ಶಾಂಪೇನಿನ ಈ ವಸ್ತ್ರವನ್ನೇ ಉದಾಹರಣೆಯಾಗಿ ಕೊಟ್ಟಿದ್ದನು ಎಂಬುದು 2025ರಲ್ಲಿ ಬೆಳಕಿಗೆ ಬಂದಿದೆ.

ಪೋಪ್ ಕ್ಲೆಮೆಂಟ್ ಏನು ಮಾಡಿದನು? 1390ರಲ್ಲಿ ಆತ ಬಟ್ಟೆಯ ಪ್ರದರ್ಶನಕ್ಕೆ ಅನುಮತಿ ಕೊಟ್ಟನು. ಆದರೆ ಇದು ಏಸುವಿನ ನಿಜ ವಸ್ತ್ರವಲ್ಲ, ಅದರ ಪ್ರತಿರೂಪ ಮಾತ್ರ ಎಂದು ಪ್ರದರ್ಶನದ ವೇಳೆ ಗಟ್ಟಿಯಾಗಿ ಸಾರಬೇಕೆಂಬ ಷರತ್ತು ಹಾಕಿದನು. ಜೊತೆಗೆ ಬಿಷಪನಿಗೆ, ಇನ್ನು ಮುಂದೆ ಈ ವಿಷಯದಲ್ಲಿ ಬಾಯಿ ತೆರೆಯಕೂಡದೆಂದು ಶಾಶ್ವತ ಮೌನದ ಆಜ್ಞೆಯಾಯಿತು. ಷರತ್ತು ಬಹುಬೇಗ ಮರೆತುಹೋಯಿತು. 1506ರ ಹೊತ್ತಿಗೆ ಪೋಪ್ ಎರಡನೇ ಜೂಲಿಯಸ್ ಇದೇ ಬಟ್ಟೆಯ ಹೆಸರಿನಲ್ಲಿ ಒಂದು ಹಬ್ಬವನ್ನೂ ವಿಶೇಷ ಪೂಜಾವಿಧಿಯನ್ನೂ ಮಂಜೂರು ಮಾಡಿದನು. ಪ್ರತಿರೂಪವೆಂದು ಸಾರಬೇಕಾಗಿದ್ದದ್ದು 116 ವರ್ಷಗಳಲ್ಲಿ ಪೂಜಾರ್ಹವಾಗಿತ್ತು.

1898ರಲ್ಲಿ ಸೆಕೊಂಡೊ ಪಿಯಾ ಎಂಬ ವಕೀಲ ಅದರ ಮೊದಲ ಛಾಯಾಚಿತ್ರ ತೆಗೆದನು. ನೆಗೆಟಿವ್ ಗಾಜಿನ ಮೇಲೆ ಮುಖವು ಜೀವಂತವೆನ್ನುವಷ್ಟು ಸ್ಪಷ್ಟವಾಗಿ ಮೂಡಿದ್ದನ್ನು ಕಂಡು ಆತನ ಕೈ ನಡುಗಿತಂತೆ. ಇಂದಿನ ಕುತೂಹಲವೆಲ್ಲ ಹುಟ್ಟಿದ್ದು ಅಲ್ಲಿಂದ. ಆಕೃತಿ ಯಾವ ವಿಧಾನದಿಂದ ಮೂಡಿತು ಎಂಬುದರ ಬಗ್ಗೆ ಪರಿಣತರಲ್ಲಿ ಇಂದಿಗೂ ಒಮ್ಮತವಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ನ್ಯಾಯ. ಆದರೆ ಹೇಗೆ ಮಾಡಿದರೆಂದು ತಿಳಿಯದಿರುವುದು ಒಂದು ವಿಷಯ, ಮನುಷ್ಯರು ಮಾಡಿಲ್ಲವೆನ್ನುವುದು ಇನ್ನೊಂದು ವಿಷಯ. ಪಿಯಾನ ಚಿತ್ರ ಪ್ರಸಿದ್ಧವಾದ ಕೆಲವೇ ವರ್ಷಗಳಲ್ಲಿ ದಾರ್ಸಿಯ ನಿವೇದನೆಯೇ ಮೊದಲಾದ ದಾಖಲೆಗಳನ್ನು ಹುಡುಕಿ ಅಚ್ಚು ಹಾಕಿಸಿದವನೂ ಒಬ್ಬ ಕ್ಯಾಥೊಲಿಕ್ ಪಾದ್ರಿಯೇ, ಯುಲಿಸ್ ಶೆವಾಲಿಯೆ. ಆತನ ಪ್ರಾಮಾಣಿಕತೆಗೆ ತಲೆಬಾಗಬೇಕು.

ಕೊನೆಗೆ 1988ರಲ್ಲಿ ಬಟ್ಟೆಯ ಅಂಚಿನಿಂದ ಕತ್ತರಿಸಿದ ಚೂರುಗಳನ್ನು ಆಕ್ಸ್‌ಫರ್ಡ್, ಝೂರಿಕ್ ಮತ್ತು ಅರಿಝೋನಾದ ಮೂರು ಪ್ರಯೋಗಾಲಯಗಳಿಗೆ ಕೊಡಲಾಯಿತು. ವಯಸ್ಸು ಗೊತ್ತಿದ್ದ ಬೇರೆ ಬಟ್ಟೆಗಳ ಚೂರುಗಳನ್ನೂ ಜೊತೆಗೆ ಪರೀಕ್ಷಿಸಲಾಯಿತು. ಮೂರೂ ಕಡೆಯ ಫಲಿತಾಂಶ ಸೇರಿಸಿ ಬಂದ ಉತ್ತರ: ನಾರಿನ ಗಿಡ ಬೆಳೆದದ್ದು ಕ್ರಿ.ಶ. 1260 ಮತ್ತು 1390ರ ನಡುವೆ. ಅಕ್ಟೋಬರ್ 13ರಂದು ಇದನ್ನು ಪ್ರಕಟಿಸಿದವರು ಟ್ಯೂರಿನ್‌ನ ಆರ್ಚ್‌ಬಿಷಪ್ ಕಾರ್ಡಿನಲ್ ಬಲ್ಲೆಸ್ಟ್ರೇರೊ ಅವರೇ. ಅಂದಿನಿಂದ ಆಕ್ಷೇಪಗಳಿಗೆ ಬರವಿಲ್ಲ. ಬೆಂಕಿಯ ಹೊಗೆ ಬಟ್ಟೆಯನ್ನು ಕೆಡಿಸಿತ್ತು, ಚೂರು ತೆಗೆದ ಜಾಗದಲ್ಲಿ ಹೊಸ ನೂಲಿನ ರಫೂ ಇತ್ತು ಎಂದೆಲ್ಲ ಹೇಳಲಾಗಿದೆ. ಆದರೆ ಮೊದಲ ಶತಮಾನದ ಬಟ್ಟೆ ಹದಿನಾಲ್ಕನೆಯ ಶತಮಾನದ್ದೆಂದು ಕಾಣಬೇಕಾದರೆ ಆ ಚೂರಿನಲ್ಲಿದ್ದ ಇಂಗಾಲದ ಅರ್ಧಕ್ಕಿಂತ ಹೆಚ್ಚು ಭಾಗ ಹೊರಗಿನಿಂದ ಬಂದದ್ದಾಗಿರಬೇಕು. ಅಷ್ಟಾದರೆ ಅದು ಬಟ್ಟೆಯ ಮೇಲಿನ ಕೊಳೆಯಲ್ಲ, ಕೊಳೆಯ ಮೇಲಿನ ಬಟ್ಟೆ. ಅದಕ್ಕಿಂತ ಮುಖ್ಯವಾದದ್ದು, ಆ ಎಲ್ಲ ಅಕಸ್ಮಾತ್ತುಗಳು ಕೂಡಿಬಂದು ದಾರ್ಸಿ ಸೂಚಿಸಿದ ದಶಕವನ್ನೇ ಒಳಗೊಂಡ ಕಾಲಾವಧಿಯನ್ನು ತೋರಿಸಿದವು ಎಂದು ನಾವು ನಂಬಬೇಕು! ಆರು ಶತಮಾನಗಳ ಅಂತರದಲ್ಲಿ ಒಬ್ಬ ಬಿಷಪ್ ಮತ್ತು ಮೂರು ಪ್ರಯೋಗಾಲಯಗಳು ಒಂದೇ ಸಾಕ್ಷ್ಯ ನುಡಿದಿವೆ.

ಸುವಾರ್ತೆಯ ಕಡೆಗೂ ಒಮ್ಮೆ ನೋಡಬೇಕು. ಯೋಹಾನನ ಸುವಾರ್ತೆಯ ಪ್ರಕಾರ ಬರಿದಾದ ಸಮಾಧಿಯಲ್ಲಿ ಕಂಡದ್ದು ಒಂದು ಹೊದಿಕೆಯಲ್ಲ, ಹಲವು ನಾರುಬಟ್ಟೆಗಳು. ತಲೆಗೆ ಸುತ್ತಿದ್ದ ವಸ್ತ್ರ ಬೇರೆಯಾಗಿಯೇ ಇತ್ತು. ತಲೆಯಿಂದ ಪಾದದವರೆಗೆ ಒಂದೇ ಬಟ್ಟೆಯಲ್ಲಿ ಮುಖಸಹಿತ ಮೂಡಿದ ಆಕೃತಿ ಇದಕ್ಕೆ ಹೊಂದುವುದಿಲ್ಲ ಎಂದು 1543ರಲ್ಲೇ ಕ್ಯಾಲ್ವಿನ್ ಗೇಲಿ ಮಾಡಿದ್ದನು. ಆತನ ಕಾಲದಲ್ಲಿ ಯುರೋಪಿನ ಹಲವು ಊರುಗಳಲ್ಲಿ ಇಂತಹ ‘ನಿಜ’ ವಸ್ತ್ರಗಳಿದ್ದವು. ಅವುಗಳಲ್ಲೊಂದರ ಕಥೆ ನಮ್ಮ ಓದುಗರಿಗೆ ವಿಶೇಷ ಸ್ವಾರಸ್ಯದ್ದು. ಫ್ರಾನ್ಸಿನ ಕದುವಾಂ ಮಠದಲ್ಲಿದ್ದ ವಸ್ತ್ರವೊಂದಕ್ಕೆ ಶತಮಾನಗಳ ಕಾಲ ಯಾತ್ರಿಕರು ಮಂಡಿಯೂರಿದ್ದರು. 1930ರ ದಶಕದಲ್ಲಿ ಅದರ ಅಂಚಿನ ಅಲಂಕಾರವನ್ನು ಬಲ್ಲವರು ಪರೀಕ್ಷಿಸಿದಾಗ ಅದು ಹೂಬಳ್ಳಿಯಲ್ಲ, ಕೂಫಿ ಲಿಪಿಯ ಅರಬಿ ಬರಹವೆಂದು ತಿಳಿಯಿತು. ಅದರಲ್ಲಿದ್ದದ್ದು ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಈಜಿಪ್ಟನ್ನು ಆಳುತ್ತಿದ್ದ ಫಾತಿಮಿ ಖಲೀಫ ಅಲ್‌ಮುಸ್ತಅಲೀ ಮತ್ತು ಅವನ ವಜೀರ ಅಲ್‌ಅಫ್ದಲನ ಹೆಸರುಗಳು! ಅಲ್ಲಿನ ಬಿಷಪ್ ಯಾತ್ರೆಯನ್ನು ನಿಲ್ಲಿಸಿದರು. ಸತ್ಯ ತಿಳಿದಾಗ ನಿಲ್ಲಿಸುವ ಆ ಧೈರ್ಯ ಟ್ಯೂರಿನ್‌ಗೆ ಬರಲಿಲ್ಲ. ಧರ್ಮಸಭೆ ಈ ಬಟ್ಟೆಯ ನೈಜತೆಯನ್ನು ಅಧಿಕೃತವಾಗಿ ಘೋಷಿಸಿಲ್ಲ ಎಂಬುದು ನಿಜ. ಇತ್ತೀಚಿನ ಪೋಪರುಗಳು ಅದನ್ನು ‘ಪ್ರತಿಮೆ’ ಅಥವಾ ‘ಪ್ರತಿಬಿಂಬ’ ಎಂಬ ಅರ್ಥದ ಪದದಿಂದ ಕರೆಯುತ್ತಾರೆ. ಅಂದರೆ ಕ್ಲೆಮೆಂಟನ ಷರತ್ತೇ ಮರಳಿ ಬಂದಂತಾಯಿತು. ಆದರೆ 20 ಲಕ್ಷ ಜನರು ಪ್ರತಿಬಿಂಬವೊಂದನ್ನು ನೋಡಲು ಬಂದವರೇ?

ಕಡಿದ ಸರಪಣಿಯನ್ನು ಬೆಸೆಯಲು ಸಮರ್ಥಕರು ಕೊಡುವ ಅತ್ಯಂತ ಪ್ರಿಯ ಉತ್ತರ ಎಡೆಸ್ಸಾದ ವಸ್ತ್ರ. ಇಂದಿನ ತುರ್ಕಿಯ ಉರ್ಫಾ ನಗರವೇ ಆ ಎಡೆಸ್ಸಾ. ಅರಬರು ಅದನ್ನು ರುಹಾ ಎನ್ನುತ್ತಿದ್ದರು. ಏಸು ತಮ್ಮ ಮುಖ ಒರೆಸಿಕೊಂಡ ಒಂದು ಕರವಸ್ತ್ರ, ಅದರಲ್ಲಿ ಮೂಡಿದ ಮುಖಚಿತ್ರ ಅಲ್ಲಿನ ಇಗರ್ಜಿಯಲ್ಲಿದೆ ಎಂಬ ನಂಬಿಕೆಯಿತ್ತು. ಟ್ಯೂರಿನ್‌ನ ಬಟ್ಟೆಯೇ ಅದು, ಮುಖ ಮಾತ್ರ ಕಾಣುವಂತೆ ಮಡಿಸಿಟ್ಟಿದ್ದರು ಎನ್ನುವುದು ವಾದ. ಆದರೆ ಎಡೆಸ್ಸಾದ ಕಥೆ ಜೀವಂತ ವ್ಯಕ್ತಿ ಮುಖ ಒರೆಸಿಕೊಂಡದ್ದು, ಟ್ಯೂರಿನ್‌ನದ್ದು ಶವಕ್ಕೆ ಹೊದಿಸಿದ್ದು. ಎರಡು ಬೇರೆ ಬೇರೆ ದಂತಕಥೆಗಳನ್ನು ಗಂಟು ಹಾಕಿದರೆ ಸನದು ಆಗುವುದಿಲ್ಲ.

ಆದರೂ ಎಡೆಸ್ಸಾದ ಹೆಸರು ಬಂದದ್ದು ಒಳ್ಳೆಯದೇ ಆಯಿತು. ಅದರ ಇತಿಹಾಸದ ಒಂದು ಪುಟ ನಮ್ಮದು. ಆ ನಗರ ಹಿಜ್ರಿ ಪ್ರಥಮ ಶತಮಾನದಲ್ಲೇ ಮುಸ್ಲಿಮರ ಆಳ್ವಿಕೆಗೆ ಬಂದಿತ್ತು. ಸುಮಾರು ಮೂರು ಶತಮಾನಗಳ ಕಾಲ ಆ ವಸ್ತ್ರ ಮುಸ್ಲಿಮ್ ಆಡಳಿತದ ಕೆಳಗೆ, ಕ್ರೈಸ್ತರ ಇಗರ್ಜಿಯಲ್ಲಿ, ಕ್ರೈಸ್ತರ ವಶದಲ್ಲೇ ಸುರಕ್ಷಿತವಾಗಿತ್ತು. ಯಾರೂ ಅದನ್ನು ಸುಡಲಿಲ್ಲ. ಕ್ರಿ.ಶ. 943-44ರಲ್ಲಿ ಬೈಝಾಂಟೈನ್ ಸೇನೆ ನಗರದ ಬಳಿಗೆ ಬಂದು, ಆ ಕರವಸ್ತ್ರವನ್ನು ಕೊಟ್ಟರೆ ತಮ್ಮ ವಶದಲ್ಲಿರುವ ಮುಸ್ಲಿಮ್ ಕೈದಿಗಳನ್ನು ಬಿಡುಗಡೆ ಮಾಡುವುದಾಗಿ ಹೇಳಿತು. ವಿಷಯ ಬಗ್ದಾದಿಗೆ ಹೋಯಿತು. ಖಲೀಫ ಅಲ್‌ಮುತ್ತಖಿಯು ಕಾಝಿಗಳನ್ನೂ ಫುಕಹಾಗಳನ್ನೂ ಕರೆಸಿ ಅಭಿಪ್ರಾಯ ಕೇಳಿದನು. ಇಷ್ಟು ಕಾಲ ಇಸ್ಲಾಮೀ ನಾಡಿನಲ್ಲಿದ್ದ, ಹಿಂದೆ ಯಾವ ರೂಮೀ ದೊರೆಯೂ ಕೇಳದ ವಸ್ತುವನ್ನು ಒಪ್ಪಿಸುವುದು ಅವಮಾನ ಎಂದು ಕೆಲವರು ವಾದಿಸಿದರು. ಸಭೆಯಲ್ಲಿದ್ದ ಮಾಜಿ ವಜೀರ ಅಲೀ ಬಿನ್ ಈಸಾ ಹೇಳಿದ್ದು ಬೇರೆ: ಸೆರೆಯಲ್ಲಿ ನರಳುತ್ತಿರುವ ಮುಸ್ಲಿಮರ ಬಿಡುಗಡೆ ಆ ಬಟ್ಟೆಯನ್ನು ಉಳಿಸಿಕೊಳ್ಳುವುದಕ್ಕಿಂತ ಹೆಚ್ಚು ಕಡ್ಡಾಯವಾದದ್ದು. ಖಲೀಫನು ಅದನ್ನೇ ಒಪ್ಪಿದನು. ಬಟ್ಟೆ ಕಾನ್‌ಸ್ಟಾಂಟಿನೋಪಲ್‌ಗೆ ಹೋಯಿತು. ಸುಮಾರು 200 ಮಂದಿ ತಮ್ಮ ಮನೆಗಳಿಗೆ ಮರಳಿದರು. ಸ್ಮಾರಕ ವಸ್ತುಗಳ ಬಗ್ಗೆ ಮುಸ್ಲಿಮ್ ಆಡಳಿತವು ತೆಗೆದುಕೊಂಡ ಇದಕ್ಕಿಂತ ಉತ್ತಮ ತೀರ್ಮಾನವನ್ನು ನಾನು ಓದಿಲ್ಲ.

ಈಗ ನಮ್ಮ ಸಂಭ್ರಮಿಗಳ ವಿಚಾರ. ಬಟ್ಟೆಯ ಮೇಲಿನ ರಕ್ತದ ಹರಿವು ಜೀವಂತ ಶರೀರದ್ದೆಂಬ ವಾದವನ್ನು ಜನಪ್ರಿಯಗೊಳಿಸಿದವನು 1950ರ ದಶಕದಲ್ಲಿ ಕುರ್ಟ್ ಬೆರ್ನಾ ಎಂಬ ಕಾವ್ಯನಾಮದಲ್ಲಿ ಬರೆದ ಜರ್ಮನ್ ಲೇಖಕ. ಈಸಾ(ಅ) ಶಿಲುಬೆಯ ಮೇಲೆ ಮೂರ್ಛೆ ಹೋಗಿ, ಚೇತರಿಸಿಕೊಂಡು, ಕಾಶ್ಮೀರಕ್ಕೆ ಬಂದು ಅಲ್ಲಿ ಮರಣ ಹೊಂದಿದರೆಂದು ಬೋಧಿಸುವ ಅಹ್ಮದಿಯಾ ಪಂಥದವರಿಗೆ ಅದು ಅನುಕೂಲಕರವಾಗಿ ಒದಗಿತು. ಅಲ್ಲಿಂದ ಅದು ಸೋರಿ ನಮ್ಮ ವೇದಿಕೆಗಳಿಗೂ ಬಂದಿದೆ. ಇದನ್ನು ಹಂಚುವವರು ಎರಡು ಸಂಗತಿಗಳನ್ನು ಯೋಚಿಸಿಲ್ಲ. ಹದಿನಾಲ್ಕನೆಯ ಶತಮಾನದ ಬಟ್ಟೆ ಏಸುವಿನ ಮರಣಕ್ಕೆ ಸಾಕ್ಷಿಯಾಗದಿದ್ದರೆ ಬದುಕಿಗೂ ಸಾಕ್ಷಿಯಾಗದು. ಪ್ರತಿವಾದಿಯ ಸುಳ್ಳು ದಾಖಲೆಯಲ್ಲಿ ನಮಗೆ ಬೇಕಾದ ಸಾಲು ಸಿಕ್ಕಿತೆಂದು ಅದನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವವನು ವಕೀಲನಲ್ಲ. ಎರಡನೆಯದು ಇದಕ್ಕಿಂತ ಗಂಭೀರ. ಅನ್ನಿಸಾ ಅಧ್ಯಾಯದ 157ನೆಯ ಸೂಕ್ತವು ಅವರನ್ನು ಕೊಲ್ಲಲಾಗಲಿಲ್ಲ ಎಂದಷ್ಟೇ ಹೇಳಿ ನಿಲ್ಲುವುದಿಲ್ಲ. ಶಿಲುಬೆಗೇರಿಸಲಾಗಲೂ ಇಲ್ಲ, ಅವರಿಗೆ ಹಾಗೆ ಭಾಸವಾಗುವಂತೆ ಮಾಡಲಾಯಿತು ಎನ್ನುತ್ತದೆ. ಮುಂದಿನ ಸೂಕ್ತವು ಅಲ್ಲಾಹನು ಅವರನ್ನು ತನ್ನೆಡೆಗೆ ಎತ್ತಿಕೊಂಡನೆನ್ನುತ್ತದೆ. ಮೊಳೆಯ ಗಾಯಗಳಿರುವ, ಮೂರ್ಛೆ ಹೋದ ಶರೀರವೊಂದನ್ನು ತೋರಿಸಿ ಈ ಸೂಕ್ತವನ್ನು ‘ಸಾಬೀತು’ ಮಾಡುವವನು ತಿಳಿಯದೆಯೇ ಅದನ್ನು ನಿರಾಕರಿಸುತ್ತಿದ್ದಾನೆ. ಅದೇ ಸೂಕ್ತವು ಈ ವಿಷಯದಲ್ಲಿ ಭಿನ್ನಾಭಿಪ್ರಾಯ ತಾಳಿದವರು ಊಹೆಯನ್ನು ಹಿಂಬಾಲಿಸುತ್ತಿದ್ದಾರೆಂದು ದೂರುತ್ತದೆ. ಊಹೆಯನ್ನು ಖಂಡಿಸುವ ಸೂಕ್ತಕ್ಕೆ ಊಹೆಯ ಊರುಗೋಲು ಬೇಕೇ? ನಾಳೆ ಯಾವುದೋ ಪ್ರಯೋಗಾಲಯ ಈ ನಾರು ಮೊದಲ ಶತಮಾನದ್ದೆಂದೇ ಹೇಳಿತೆನ್ನಿ. ರೋಮನ್ನರು ಸಾವಿರಾರು ಮಂದಿಯನ್ನು ಶಿಲುಬೆಗೇರಿಸಿದ್ದರು. ಅವರಲ್ಲೊಬ್ಬನ ವಸ್ತ್ರ ಉಳಿಯಿತೆಂದಾಗುತ್ತದೆ, ಅಷ್ಟೇ.

ಇಷ್ಟನ್ನು ಬರೆದ ಮೇಲೆ ಲೇಖನಿಯನ್ನು ನಮ್ಮ ಮನೆಯತ್ತ ತಿರುಗಿಸದಿದ್ದರೆ ಅದು ಅನ್ಯಾಯವಾಗುತ್ತದೆ. ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಷಾಹನು ಸುಮಾರು 1646ರಲ್ಲಿ ನ್ಯಾಯಸಭೆಗಾಗಿ ಕಟ್ಟಿಸಿದ ಮಹಲೊಂದಿದೆ. ಮುಂದೆ ಅದರಲ್ಲಿ ಪ್ರವಾದಿವರ್ಯರ(ಸ) ಗಡ್ಡದ್ದೆಂದು ನಂಬಲಾದ ಎರಡು ಕೂದಲುಗಳನ್ನಿರಿಸಿ ಅದಕ್ಕೆ ಆಸಾರ್ ಮಹಲ್ ಎಂಬ ಹೆಸರು ಬಂತು. ನ್ಯಾಯ ಕೇಳಲು ಜನ ಬರುತ್ತಿದ್ದ ಕಡೆಗೆ ದರ್ಶನಕ್ಕಾಗಿ ಬರತೊಡಗಿದರು. ಶ್ರೀನಗರದ ಹಝ್ರತ್‌ಬಲ್‌ನಿಂದ 1963ರ ಡಿಸೆಂಬರಿನಲ್ಲಿ ಅಂತಹದ್ದೇ ಒಂದು ಕೂದಲು ಕಾಣೆಯಾದಾಗ ಇಡೀ ಕಣಿವೆ ಬೀದಿಗಿಳಿದದ್ದನ್ನು ಹಿರಿಯರು ಬಲ್ಲರು. ದೇಶದ ಹಲವೆಡೆ ‘ಖದಮೆ ರಸೂಲ್’ ಎಂಬ ಪಾದಮುದ್ರೆಯ ಕಲ್ಲುಗಳಿವೆ. ಅವುಗಳ ಅಳತೆಗಳು ಕೂಡ ಒಂದಕ್ಕೊಂದು ಹೊಂದುವುದಿಲ್ಲ.

ಪ್ರವಾದಿವರ್ಯರ(ಸ) ಕೂದಲನ್ನು ಸಹಾಬಿಗಳು ಪ್ರೀತಿಯಿಂದ ಕಾಪಾಡಿದ್ದರು ಎಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ವಿದಾಯದ ಹಜ್ಜಿನಲ್ಲಿ ಅದನ್ನು ಹಂಚಲಾದದ್ದೂ, ಉಮ್ಮು ಸಲಮಾ(ರ)ರವರ ಬಳಿ ಕೆಲವು ಕೂದಲುಗಳಿದ್ದದ್ದೂ ಸಹೀಹ್ ಗ್ರಂಥಗಳಲ್ಲಿವೆ, ಸನದಿನೊಂದಿಗೆ. ಹಜರುಲ್ ಅಸ್ವದ್ ಕಲ್ಲನ್ನು ಮುತ್ತಿಡುವಾಗ ಉಮರ್(ರ), ನೀನು ಲಾಭವನ್ನೂ ಹಾನಿಯನ್ನೂ ಮಾಡಲಾರದ ಕಲ್ಲು, ಪ್ರವಾದಿಯವರು(ಸ) ಮುತ್ತಿಡುವುದನ್ನು ಕಂಡಿರದಿದ್ದರೆ ನಾನು ಮುತ್ತಿಡುತ್ತಿರಲಿಲ್ಲ ಎಂಬರ್ಥದಲ್ಲಿ ಹೇಳಿದ್ದೂ ಅಲ್ಲೇ ಇದೆ. ಬೈಅತುರ್ರಿಝ್ವಾನ್ ನಡೆದದ್ದೆಂದು ಜನರು ಒಂದು ಮರದ ಬಳಿ ಹೋಗಿ ನಮಾಝ್ ಮಾಡತೊಡಗಿದಾಗ ಅವರು ಆ ಮರವನ್ನೇ ಕಡಿಸಿದರೆಂಬ ವರದಿಯೂ ಇದೆ. ಪ್ರೀತಿ ಬೇರೆ, ಪ್ರಮಾಣ ಬೇರೆ ಎಂದು ಅವರಿಗೆ ಗೊತ್ತಿತ್ತು.

ಆದರೆ ನಮ್ಮ ದರ್ಗಾವೊಂದರಲ್ಲಿ ಗಾಜಿನ ಕೊಳವೆಯಲ್ಲಿಟ್ಟ ಕೂದಲನ್ನು ತೋರಿಸುವವನ ಬಳಿ, ಇದು ಯಾರಿಂದ ಯಾರಿಗೆ ಬಂತು, ನಡುವಿನ ಹೆಸರುಗಳೇನು ಎಂದು ಕೇಳಿ ನೋಡಿ. ನಾನು ಒಮ್ಮೆ ಕೇಳಿದ್ದೇನೆ. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹಿರಿಯರು ಹೆಗಲ ಮೇಲೆ ಕೈಯಿಟ್ಟು, ಇಲ್ಲಿ ಅದಬ್‌ನಿಂದಿರಬೇಕು, ಮಾತನಾಡಬೇಡ ಎಂದರು. ಕಾಣಿಕೆಯ ಡಬ್ಬಿ ಬಾಗಿಲ ಬಳಿಯೇ ಇತ್ತು.